ಒಂಬತ್ತು ತಂಡಗಳ ಕ್ವಾರ್ಟರ್‌ಬ್ಯಾಕ್‌ನನ್ನು ನೋಡುವ ಬಗೆ

ಅಮೆರಿಕನ್ ಫುಟ್‌ಬಾಲ್ ನೋಡಲು ಹೊಸದಾಗಿ ಕೂತವರಿಗೆ ಎಲ್ಲರೂ ಖ್ಯಾತ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯಿಂದ ಶುರು ಮಾಡಿ ಎನ್ನುತ್ತಾರೆ. ನಾನು ರಯಾನ್ ಫಿಟ್ಜ್‌ಪ್ಯಾಟ್ರಿಕ್‌ನಿಂದ ಶುರು ಮಾಡಿ ಎನ್ನುತ್ತೇನೆ. ಹದಿನೇಳು ಸೀಸನ್ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿದ್ದು ಒಂಬತ್ತು ತಂಡಗಳಿಗೆ ಆಡಿದ ಆತನಿಗೆ ಒಂದೇ ಒಂದು ಪ್ಲೇಆಫ್ ಪಂದ್ಯವೂ ದಕ್ಕಲಿಲ್ಲ. ಬ್ರೇಡಿಯ ಕೈಯಲ್ಲಿ ಕ್ವಾರ್ಟರ್‌ಬ್ಯಾಕ್ ಕೆಲಸ ಸಲೀಸಾಗಿ ಕಾಣುತ್ತದೆ. ಅದು ಎಷ್ಟು ಕಠಿಣ ಎಂಬುದು ಕಣ್ಣಿಗೆ ಬೀಳುವುದು ಫಿಟ್ಜ್‌ಪ್ಯಾಟ್ರಿಕ್‌ನ ಆಟದಲ್ಲಿ.

ಆಟದ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು: ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಸಿಗುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗೆ. ಯಾವ ತಂತ್ರ ಎಂದು ಕೋಚ್ ಹೇಳುವುದು ಹೆಲ್ಮೆಟ್ಟಿನೊಳಗಿನ ರೇಡಿಯೊ ಮೂಲಕ. ಯತ್ನ ಶುರು ಮಾಡಲು ಕೊಟ್ಟ ಗಡಿಯಾರದಲ್ಲಿ ಇನ್ನು 15 ಸೆಕೆಂಡ್ ಉಳಿದಿದೆ ಎನ್ನುವಾಗ ಆ ರೇಡಿಯೊ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲ ಕ್ವಾರ್ಟರ್‌ಬ್ಯಾಕ್‌ನ ತಲೆಗೇ ಬಿಟ್ಟದ್ದು. ಈ ತಂತ್ರಗಳನ್ನು ಕರೆಯುವ ಪರಿಭಾಷೆ ಕೋಚ್‌ನಿಂದ ಕೋಚ್‌ಗೆ ಬೇರೆ. ತಂಡ ಬದಲಾಯಿಸಿದವನು ಅದನ್ನೆಲ್ಲ ಮತ್ತೆ ಮೊದಲಿನಿಂದ ಬಾಯಿಪಾಠ ಮಾಡಬೇಕು. ಫಿಟ್ಜ್‌ಪ್ಯಾಟ್ರಿಕ್ 2012ರಿಂದ 2015ರವರೆಗೆ ನಾಲ್ಕು ವರ್ಷಗಳಲ್ಲಿ ಬಫಲೊ, ಟೆನೆಸಿ, ಹ್ಯೂಸ್ಟನ್, ನ್ಯೂಯಾರ್ಕ್ ಜೆಟ್ಸ್ ಎಂದು ನಾಲ್ಕು ಕಡೆ ಆಡಿದ. ಆತ ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿದವನು ಎಂದು ವೀಕ್ಷಕ ವಿವರಣೆಕಾರರು ಪಂದ್ಯಕ್ಕೊಮ್ಮೆ ನೆನಪಿಸುತ್ತಿದ್ದರು. ಅದಕ್ಕಿಂತ ಈ ನಾಲ್ಕು ವರ್ಷಗಳ ಕಲಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮೊದಲು 2005ರ ನವೆಂಬರ್ 27ರ ಪಂದ್ಯ ನೋಡಿ. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟ್‌ನಲ್ಲಿ ಏಳನೆಯ, ಅಂದರೆ ಕೊನೆಯ ಸುತ್ತಿನಲ್ಲಿ 250ನೆಯವನಾಗಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಆತನನ್ನು ಆರಿಸಿತ್ತು. ಮುಂದಿದ್ದ ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು ಗಾಯಗೊಂಡಿದ್ದರಿಂದ ಹ್ಯೂಸ್ಟನ್ ಎದುರು ಮೈದಾನಕ್ಕೆ ಇಳಿಯಬೇಕಾಯಿತು. ಅರ್ಧ ಆಟ ಮುಗಿದಾಗ ರ‍್ಯಾಮ್ಸ್ 3-24ರ ಹಿನ್ನಡೆಯಲ್ಲಿತ್ತು. ಆತ 310 ಗಜ ಎಸೆದ, ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಕೊಡಿಸಿದ, ಹೆಚ್ಚುವರಿ ಅವಧಿಯಲ್ಲಿ ಪಂದ್ಯ 33-27ಕ್ಕೆ ಗೆದ್ದುಬಿಟ್ಟ. ಆ ಮೇಲೂ ಅಲ್ಲಿ ಸ್ಥಾನ ಗಟ್ಟಿಯಾಗಲಿಲ್ಲ. ಎರಡು ವರ್ಷಕ್ಕೆ ಸಿನ್ಸಿನಾಟಿಗೆ ಹೋದ.

ಎಷ್ಟೋ ಸಲ ಯಾರೋ ಆಡಲಾಗದ ಸ್ಥಿತಿಗೆ ಬಂದಾಗ ಆತನ ಸರದಿ ಬರುತ್ತಿತ್ತು. 2008ರಲ್ಲಿ ಸಿನ್ಸಿನಾಟಿಯ ಕಾರ್ಸನ್ ಪಾಮರ್‌ನ ಮೊಣಕೈ ಕೈಕೊಟ್ಟಿತು. 2015ರಲ್ಲಿ ಜೆಟ್ಸ್‌ನ ಜೀನೊ ಸ್ಮಿತ್‌ಗೆ ಸ್ವಂತ ತಂಡದ ಆಟಗಾರನೇ ಗುದ್ದಿ ದವಡೆ ಮುರಿದ. ಆ ಸೀಸನ್‌ನಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಸೆದ 31 ಟಚ್‌ಡೌನ್ ಜೆಟ್ಸ್ ತಂಡದ ದಾಖಲೆ. ಆದರೆ ಕೊನೆಯ ಪಂದ್ಯ ತಪ್ಪದೆ ನೋಡಬೇಕು. ಗೆದ್ದರೆ ಪ್ಲೇಆಫ್, ಎದುರಾಳಿ ಆತನನ್ನು ಕೈಬಿಟ್ಟಿದ್ದ ಬಫಲೊ. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಮೂರು ಇಂಟರ್‌ಸೆಪ್ಷನ್, ಅಂದರೆ ಮೂರು ಸಲ ಎಸೆತ ಎದುರಾಳಿಯ ಕೈಗೆ. ಪಂದ್ಯ 17-22ಕ್ಕೆ ಸೋತರು.

ಹೊಸಬರು ಎಡವುವುದು ಇಲ್ಲಿಯೇ. ಇಂಟರ್‌ಸೆಪ್ಷನ್ ಎಣಿಸಿ ಆಟಗಾರನನ್ನು ತಳ್ಳಿಹಾಕಬೇಡಿ. ಚೆಂಡು ಎಲ್ಲಿಗೆ, ಯಾವಾಗ ಹೊರಟಿತು ಎಂದು ನೋಡಿ. ಇಬ್ಬರು ಕಾವಲುಗಾರರ ನಡುವಿನ ಸಂದು ತೆರೆಯುವ ಮೊದಲೇ, ತೆರೆದೇ ತೆರೆಯುತ್ತದೆಂಬ ಧೈರ್ಯದಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಸೆಯುತ್ತಿದ್ದ. ತೆರೆದರೆ ಗ್ಯಾಲರಿ ಎದ್ದು ನಿಲ್ಲುತ್ತಿತ್ತು, ಇಲ್ಲವಾದರೆ ಚೆಂಡು ಎದುರಾಳಿಯದು. 223 ಟಚ್‌ಡೌನ್ ಮತ್ತು 169 ಇಂಟರ್‌ಸೆಪ್ಷನ್, ಎರಡೂ ಹುಟ್ಟಿದ್ದು ಒಂದೇ ಸ್ವಭಾವದಿಂದ. ಕಟ್ ಮಾಡಿದ ಹೈಲೈಟ್ಸ್‌ನಲ್ಲಿ ಇದು ಸಿಗುವುದಿಲ್ಲ. ಇಡೀ ಪಂದ್ಯ ನೋಡಿ.

2018ರ ಸೆಪ್ಟೆಂಬರ್‌ನಲ್ಲಿ ಟ್ಯಾಂಪಾ ಬೇ ಪರ ಸತತ ಮೂರು ಪಂದ್ಯಗಳಲ್ಲಿ 417, 402, 411 ಗಜ ಎಸೆದ. ಸತತ ಮೂರರಲ್ಲಿ ನಾನೂರು ದಾಟಿದ ಮೊದಲ ಕ್ವಾರ್ಟರ್‌ಬ್ಯಾಕ್ ಆತನೇ. ಎರಡನೆಯ ಪಂದ್ಯದ ನಂತರ ಪತ್ರಿಕಾಗೋಷ್ಠಿಗೆ ಸಹ ಆಟಗಾರ ಡಿಶಾನ್ ಜಾಕ್ಸನ್‌ನ ಬಟ್ಟೆ ತೊಟ್ಟು, ಕೊರಳಿಗೆ ಚೈನುಗಳನ್ನು ಹಾಕಿಕೊಂಡು, ಉದ್ದ ಗಡ್ಡ ಬಿಟ್ಟುಕೊಂಡು ಬಂದ. ನಾಲ್ಕನೆಯ ಪಂದ್ಯದಲ್ಲಿ, ಚಿಕಾಗೊ ಎದುರು, ಮಧ್ಯಂತರದ ಹೊತ್ತಿಗೆ ಸ್ಥಾನ ಕಳೆದುಕೊಂಡ.

ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡುವುದು 2020ರ ಡಿಸೆಂಬರ್ 26ರ ಒಂದೇ ಒಂದು ಎಸೆತವನ್ನು. ಆಗ ಆತ ಮಯಾಮಿ ಡಾಲ್ಫಿನ್ಸ್‌ನವನು. ಅಕ್ಟೋಬರ್‌ನಲ್ಲೇ ಆತನನ್ನು ಕೂರಿಸಿ ಹುಡುಗ ಟುವಾ ಟಾಗೊವೈಲೋವಾನನ್ನು ಆಡಿಸತೊಡಗಿದ್ದರು. ಲಾಸ್ ವೇಗಸ್‌ನಲ್ಲಿ ರೈಡರ್ಸ್ ಎದುರು ಟುವಾ ತಿಣುಕುತ್ತಿದ್ದಾಗ, ನಾಲ್ಕನೆಯ ಕ್ವಾರ್ಟರ್‌ನಲ್ಲಿ ಫಿಟ್ಜ್‌ಪ್ಯಾಟ್ರಿಕ್‌ಗೆ ಕರೆ ಬಂತು. ಉಳಿದದ್ದು 19 ಸೆಕೆಂಡ್, ಟೈಮ್‌ಔಟ್ ಒಂದೂ ಇಲ್ಲ, ಅಂಕ 23-25. ಫಿಟ್ಜ್‌ಪ್ಯಾಟ್ರಿಕ್ ಎಸೆಯಲು ಕೈ ಎತ್ತುತ್ತಿದ್ದಂತೆ ಎದುರಾಳಿಯೊಬ್ಬ ಹೆಲ್ಮೆಟ್ಟಿನ ಮುಂದಿನ ಸರಳನ್ನು ಹಿಡಿದು ಎಳೆದ. ಮುಖ ಪೂರ್ತಿ ಪಕ್ಕಕ್ಕೆ ತಿರುಚಿಕೊಂಡಿತು. ಎಸೆದ ದಿಕ್ಕನ್ನು ನೋಡುವುದಕ್ಕೂ ಆಗದ ಸ್ಥಿತಿ. ಚೆಂಡು ಮಾತ್ರ 34 ಗಜ ದಾಟಿ ಸಹ ಆಟಗಾರ ಮ್ಯಾಕ್ ಹಾಲಿನ್ಸ್‌ನ ಕೈ ಸೇರಿತು. ಸರಳು ಎಳೆದದ್ದಕ್ಕೆ ದಂಡವಾಗಿ ಇನ್ನೂ 15 ಗಜ. ಮಯಾಮಿಯ ಜೇಸನ್ ಸ್ಯಾಂಡರ್ಸ್ 44 ಗಜದಿಂದ ಗೋಲಿಗೆ ಒದ್ದ, ಮೂರು ಅಂಕ; 26-25. ಈ ದೃಶ್ಯವನ್ನು ನಿಧಾನಗತಿಯಲ್ಲಿ ಹಾಕಿ, ಮುಖವನ್ನು ಬಿಟ್ಟು ಆತನ ಕಾಲುಗಳನ್ನು ಗಮನಿಸಿ. ಎಳೆತಕ್ಕೆ ಮೊದಲೇ ಪಾದ ನೆಲಕ್ಕೆ ಕಚ್ಚಿಕೊಂಡಿದೆ, ಭುಜ ಗುರಿಯತ್ತ ತಿರುಗಿದೆ. ಅದೃಷ್ಟದ ಪಾಲು ಇದ್ದೇ ಇದೆ, ಆದರೆ ಅಷ್ಟು ವರ್ಷ ಬೆಂಚಿನ ಮೇಲೆ ಕೂತು ಸಿದ್ಧನಾಗಿದ್ದವನಿಗಷ್ಟೇ ಅಂಥ ಅದೃಷ್ಟ ಒಲಿಯುತ್ತದೆ.

2021ರಲ್ಲಿ ವಾಷಿಂಗ್ಟನ್ ಸೇರಿದ. ಮೊದಲ ಪಂದ್ಯದ ಎರಡನೆಯ ಕ್ವಾರ್ಟರ್‌ನಲ್ಲೇ ಸೊಂಟಕ್ಕೆ ಏಟು ಬಿತ್ತು. ಮತ್ತೆ ಆಡಲಿಲ್ಲ, 2022ರ ಜೂನ್‌ನಲ್ಲಿ ನಿವೃತ್ತನಾದ.

ಇಷ್ಟು ನೋಡಿದ ಮೇಲೆ ಜೋಶ್ ಜಾನ್ಸನ್ ಕಡೆ ಬನ್ನಿ. 2008ರ ಡ್ರಾಫ್ಟ್‌ನಿಂದ ಬಂದು ಹದಿನಾಲ್ಕು ಎನ್‌ಎಫ್‌ಎಲ್ ತಂಡಗಳ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡ ಕ್ವಾರ್ಟರ್‌ಬ್ಯಾಕ್ ಆತ. ಆಡಿದ್ದು ಬಹಳ ಕಡಿಮೆ, ಹಾಗಾಗಿ ಆತನ ಪಂದ್ಯಗಳನ್ನು ಹುಡುಕಿಯೇ ನೋಡಬೇಕು.