ಕೊಂಬಿಲ್ಲದ ಹೊಳೆಮಣ್ಣೂರ

ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಊರೊಂದಕ್ಕೆ ಅಲ್ಲಿಯವರು ಹೊಳೆಮಣ್ಣೂರ ಎನ್ನುತ್ತಾರೆ. ಬೆಂಗಳೂರಿನ ಡೆಸ್ಕಿನಲ್ಲಿ ಕೂತ ಉಪಸಂಪಾದಕನ ಕೈ ಮಾತ್ರ ಕೊನೆಯ ಅಕ್ಷರಕ್ಕೆ ಕೊಂಬು ಇಳಿಸದೆ ಬಿಡದು. ಪತ್ರಿಕೆಯಲ್ಲಿ ಇದು ಬರೀ ಕಾಗುಣಿತದ ಮಾತು. ಅಂತರ್ಜಾಲದಲ್ಲಿ ವ್ಯಾಪಾರದ ಮಾತು.

ಜನ ಗೂಗಲ್‌ನಲ್ಲಿ ಹುಡುಕುವುದು ತಾವು ಆಡುವ ಮಾತಿನಲ್ಲಿ. ಅದನ್ನು ಹಾಗೆಯೇ ಬರೆಯುವವರೂ ಅವರೇ. ಸಂಬಳದವರು ಎಷ್ಟು ಪುಟ ಬರೆದಾರು? ಓದುಗರನ್ನೇ ಬರೆಯಲು ಕೂರಿಸಿದ ತಾಣಕ್ಕೆ ಪುಟಕ್ಕೊಂದು ಬಾಗಿಲು. ಯಾವ ಬಾಗಿಲಿಂದ ಯಾರು ಬಂದರೂ ಜಾಹೀರಾತು ಎದುರಾಗುತ್ತದೆ.

ಕನ್ನಡದಲ್ಲಿ ಈ ಬಾಗಿಲು ತಡವಾಗಿ ತೆರೆಯಿತು. ತಪ್ಪು ಫಾಂಟಿನದು. 2000ದ ಆಸುಪಾಸಿನ ಎಷ್ಟೋ ತಾಣಗಳು ತಮ್ಮದೇ ಫಾಂಟುಗಳಲ್ಲಿದ್ದವು. ಕಣ್ಣಿಗೆ ‘ಕ’ ಕಂಡದ್ದು ಯಂತ್ರಕ್ಕೆ ಯಾವುದೋ ಇಂಗ್ಲಿಷ್ ಅಕ್ಷರ. ಬರೆದದ್ದು ಹುಡುಕಿದರೆ ಸಿಗದು. ಯುನಿಕೋಡ್ ಬಂದ ಮೇಲೆ ಈ ಬೀಗ ಕಳಚಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಕಟ್ಟಿದ ‘ಸಂಪದ’ದಲ್ಲಿ ನೋಂದಾಯಿಸಿಕೊಂಡವರೆಲ್ಲ ಬರೆಯಬಹುದಿತ್ತು: ಪದದ ಅರ್ಥ, ಪ್ರವಾಸ, ಕವಿತೆ, ಜಗಳ. ರುಚಿಯಿದ್ದದ್ದು ಜಗಳದಲ್ಲೇ ಎನ್ನಬೇಕು. ಪ್ರತಿಕ್ರಿಯೆ ಬರೆದವನು ಅದಕ್ಕೆ ಏನು ಉತ್ತರ ಬಂತೆಂದು ಮರುದಿನ ತಪ್ಪದೆ ಬಂದು ಇಣುಕುತ್ತಾನೆ. ಇಂಥ ಗಿರಾಕಿಯನ್ನು ಯಾವ ಸಂಪಾದಕೀಯವೂ ತಂದುಕೊಡದು.

ಬೆಳೆಯ ಜೊತೆ ಕಳೆಯೂ ಬಂತು. ಹುಡುಕಾಟದ ಪದಗಳಿಗೆ ತಕ್ಕಂತೆ ಜೊಳ್ಳು ಲೇಖನ ಸುರಿಯುವ ತಾಣಗಳು ಹೆಚ್ಚಿದಾಗ ಗೂಗಲ್ 2011ರಲ್ಲಿ ‘ಪಾಂಡಾ’ ಎಂಬ ಜರಡಿ ಹಿಡಿಯಿತು. ಜನರೇ ಪ್ರಶ್ನೆ ಕೇಳಿ ಜನರೇ ಉತ್ತರಿಸುತ್ತಿದ್ದ, 2005ರಲ್ಲಿ ಹುಟ್ಟಿದ ಯಾಹೂ ಆನ್ಸರ್ಸ್ ಕೂಡ 2021ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಬೆಂಗಳೂರಿನ ‘ಪ್ರತಿಲಿಪಿ’ (2014) ಬೇರೆ ಜಾಣ್ಮೆ ತೋರಿತು. ಅಲ್ಲಿ ಕಥೆ ಬರೆಯುವವರೂ ಓದುಗರೇ, ಧಾರಾವಾಹಿಯ ಮುಂದಿನ ಕಂತು ಈಗಲೇ ಬೇಕೆಂದರೆ ದುಡ್ಡು. ಹಳೆಯ ವಾರಪತ್ರಿಕೆಗಳಿಗೆ ಗೊತ್ತಿದ್ದ ಉಪಾಯವೇ ಇದು, ಅವು ವಾರಗಟ್ಟಲೆ ಕಾಯಿಸುತ್ತಿದ್ದವು ಅಷ್ಟೆ.

ಜನರ ಹರಟೆಗೆ ಈಗ ಸಗಟು ಬೆಲೆಯೂ ಇದೆ. ಜನ ಹರಟುವ ತಾಣವಾದ ರೆಡಿಟ್‌ನ ಬರಹಗಳನ್ನು ತನ್ನ ಎಐ ತರಬೇತಿಗೆ ಬಳಸಲು ಗೂಗಲ್ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಕೊಡಲಿದೆ ಎಂದು 2024ರ ಫೆಬ್ರುವರಿಯಲ್ಲಿ ಸುದ್ದಿಯಾಯಿತು.

2009 ಮತ್ತು 2019ರಲ್ಲಿ ಉಕ್ಕಿದಂತೆ ಮಲಪ್ರಭೆ ಮತ್ತೆ ಉಕ್ಕಿದರೆ, ದಂಡೆಯ ಹುಡುಗರು ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ಆ ಗಳಿಗೆಯಲ್ಲೇ ಹರಿಯಬಿಡುತ್ತಾರೆ. ಅದರಡಿ ಊರಿನ ಹೆಸರು ಬರೆಯುವಾಗ ಕೊಂಬು ಹಾಕಲು ಅವರಿಗೆಲ್ಲಿ ಪುರಸೊತ್ತು.