ಎಡಗೈಗೆ ಸಿಕ್ಕ ಮೀಂಡು

ಔರಾದ ಕಡೆಯ ಹಳ್ಳಿಗಳಲ್ಲಿ ಶ್ರಾವಣದ ರಾತ್ರಿ ಭಜನೆಗೆ ಕೂತವರು ಇದನ್ನು ಗಮನಿಸಿರಬಹುದು. ಹಾಡುವವನು ಗಂಧಾರದಿಂದ ಪಂಚಮಕ್ಕೆ ದಿಬ್ಬ ಏರಿದಂತೆ ಏರುತ್ತಾನೆ; ಪೇಟಿ ಅವನ ಹಿಂದೆ ಪಾವಟಿಗೆ ಹತ್ತುತ್ತದೆ. ಇಬ್ಬರೂ ಮೇಲೆ ತಲುಪುತ್ತಾರೆ, ದಾರಿ ಮಾತ್ರ ಬೇರೆ. ಪೇಟಿ ಮಾಸ್ತರರೊಬ್ಬರನ್ನು ಈ ಬಗ್ಗೆ ಕೇಳಿದಾಗ, "ದನಿ ಹೋದಲ್ಲೆಲ್ಲ ಪೇಟಿ ಹೋಗಲ್ರೀ. ಎರಡು ಸುರದ ನಡು ಗ್ವಾಡಿ ಅದ" ಅಂದರು. ದೂರಿನ ದನಿಯಲ್ಲಿ ಹೇಳಲಿಲ್ಲ. ಎತ್ತಿಗೆ ಎರಡು ಕೋಡು ಅನ್ನುವಷ್ಟು ಸಹಜವಾಗಿ ಹೇಳಿ, ತಿದಿ ಎಳೆದು ಮುಂದಿನ ಪದ ಎತ್ತಿಕೊಂಡರು.

ಈ ಗ್ವಾಡಿಯ ಕಾರಣಕ್ಕೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಮೀಂಡ್ ಬಾರದು, ಹನ್ನೆರಡು ಸಮಪಾಲಿನ ಶ್ರುತಿ ನಮ್ಮ ರಾಗಗಳಿಗೆ ಒಗ್ಗದು ಎಂಬುದು ವಾದ. ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟು ವರ್ಷ ನಿಷೇಧವಿದ್ದದ್ದು ರೇಡಿಯೋದಲ್ಲಿ. ಗುಡಿಯಲ್ಲಿ, ಮಠದಲ್ಲಿ, ನಾಟಕದ ಅಟ್ಟದ ಮೇಲೆ ಪೇಟಿ ತನ್ನಷ್ಟಕ್ಕೆ ನುಡಿಯುತ್ತಲೇ ಇತ್ತು. ವಾದ ತಪ್ಪಾಗಿರಲಿಲ್ಲ, ಆದರೆ ಜನರಿಗೆ ಅದು ಬೇಕಾಗಿರಲಿಲ್ಲ.

ಇದೇ ಹೊತ್ತಿಗೆ, 1970ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಿಂದ ಮಿನಿಮೋಗ್ ಮಾಡೆಲ್ ಡಿ ಹೊರಬಂತು. ಅದನ್ನು ಮಾಡಿದ ಕಂಪನಿ ರಾಬರ್ಟ್ ಮೋಗ್ ಅವರದು. (ಕಾಗುಣಿತ ನೋಡಿ ನಾವು ಮೂಗ್ ಎಂದು ಓದಿ ನಗುವುದುಂಟು. ಅವರ ಮನೆಯ ಉಚ್ಚಾರ ಮೋಗ್.) 1964ರಿಂದ ಅವರು ಮಾಡುತ್ತಿದ್ದದ್ದು ಕಪಾಟಿನಷ್ಟು ದೊಡ್ಡ ಸಿಂಥಸೈಜರುಗಳು, ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ವೈರು ಚುಚ್ಚಿ ಚುಚ್ಚಿ ಶಬ್ದ ಕಟ್ಟಬೇಕಿತ್ತು. ವೆಂಡಿ ಕಾರ್ಲೋಸ್ 1968ರಲ್ಲಿ ಬಾಖ್‌ನ ಸಂಗೀತವನ್ನು ನುಡಿಸಿ ಜಗತ್ತಿನ ಕಿವಿ ತೆರೆಸಿದ್ದು ಅಂಥದೊಂದರಲ್ಲಿ. ಅದನ್ನು ಬಗಲಲ್ಲಿ ಹೊತ್ತೊಯ್ಯುವಂತೆ ಕುಗ್ಗಿಸುವ ಹುಚ್ಚು ಹಿಡಿದದ್ದು ಬಿಲ್ ಹೆಮ್ಸಾತ್ ಎಂಬ ಎಂಜಿನಿಯರಿಗೆ. ಊಟದ ಬಿಡುವಿನಲ್ಲಿ, ಉಳಿದುಬಿದ್ದ ಬಿಡಿಭಾಗಗಳಿಂದ ಮೊದಲ ಮಾದರಿ ಕಟ್ಟಿದ್ದು ಅವರೇ. ಮೂಲ ಯಂತ್ರ 1981ರವರೆಗೆ ತಯಾರಾಯಿತು.

ಈ ಯಂತ್ರದ ಬಗ್ಗೆ ಬರೆಯುವವರೆಲ್ಲ ಮೊದಲು ಹೊಗಳುವುದು ಅದರ ಫಿಲ್ಟರನ್ನು. ಹೊಗಳಿಕೆ ನ್ಯಾಯವೇ. ಮೂರು ಆಸಿಲೇಟರುಗಳು ಒರಟಾದ, ತುಂಬು ಶಬ್ದ ಹುಟ್ಟಿಸುತ್ತವೆ; ಫಿಲ್ಟರ್ ಅದರ ಮೇಲಿನ ಅಂಶಗಳನ್ನು ತೆಗೆದುಹಾಕುತ್ತ ಬಣ್ಣ ಕೊಡುತ್ತದೆ. ಬಾಯಿ ಚೂಪು ಮಾಡಿ 'ಊ' ಎಂದು ಹಿಡಿದು, ಹಾಗೇ ಮೆಲ್ಲಗೆ 'ಆ' ಎಂದು ತೆರೆಯಿರಿ. ಸುರ ಬದಲಾಗಲಿಲ್ಲ, ದನಿ ಬದಲಾಯಿತು. ಫಿಲ್ಟರಿನ ನಾಬ್ ಮಾಡುವುದು ಅದನ್ನೇ. ಬೀದರಿನವನಾದ ನನಗೆ ಇಲ್ಲಿ ಬಿದ್ರಿಯ ಕೆತ್ತನೆಯನ್ನು ನೆನೆಯುವ ಆಸೆಯಾಗುತ್ತದೆ. ಬೇಡ, ಆ ಹೋಲಿಕೆಯನ್ನು ನಾವು ಎಲ್ಲದಕ್ಕೂ ಬಳಸಿ ಸವೆಸಿದ್ದೇವೆ.

ನನಗೆ ಮುಖ್ಯವೆನಿಸುವುದು ಇನ್ನೊಂದು. ಆಸಿಲೇಟರಿಗೆ ಸರಿಗಮ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವೋಲ್ಟೇಜ್ ಒಂದೇ. ಒಂದು ವೋಲ್ಟ್ ಏರಿಸಿದರೆ ಸುರ ಒಂದು ಸಪ್ತಕ ಮೇಲಕ್ಕೆ ಹೋಗುತ್ತದೆ; ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಆ ಒಂದು ವೋಲ್ಟನ್ನು ಹನ್ನೆರಡು ಸಮಪಾಲು ಮಾಡಿ ಕೊಡುವುದು ಮುಂದಿರುವ 44 ಕೀಗಳ ಕೀಬೋರ್ಡು. ಅಂದರೆ ಯಂತ್ರದೊಳಗೆ ಗ್ವಾಡಿಯಿಲ್ಲ; ಗ್ವಾಡಿ ಕಟ್ಟುವುದು ಕೀಬೋರ್ಡು. ಇದನ್ನು ಆಗಲೇ ಕಂಡವರು ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ. ಪಿಯಾನೋದ ಕೀಬೋರ್ಡು ತಗುಲಿಸಿದರೆ ಹಳೆಯ ಸಂಗೀತವೇ ಮರಳಿ ಬರುತ್ತದೆ ಎಂದು ಅವರು ತಮ್ಮ ಸಿಂಥಸೈಜರಿನಿಂದ ಅದನ್ನು ದೂರವಿಟ್ಟರು. ಮೋಗ್ ಕೀಬೋರ್ಡು ಇಟ್ಟರು, ಮಾರುಕಟ್ಟೆ ಗೆದ್ದರು. ಆದರೆ ಎಡಗಡೆ ಎರಡು ಚಕ್ರಗಳನ್ನೂ ಇಟ್ಟರು. ಅದರಲ್ಲಿ ಒಂದನ್ನು ತಿರುಗಿಸಿದರೆ ನುಡಿಯುತ್ತಿರುವ ಸುರ ಕೀಲಿಯ ಹಂಗಿಲ್ಲದೆ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಜೊತೆಗೆ ಒಂದು ಕೀಯಿಂದ ಇನ್ನೊಂದಕ್ಕೆ ತೇಲಿಸಿಕೊಂಡು ಹೋಗುವ ಗ್ಲೈಡ್ ನಾಬ್.

ಪೇಟಿಯ ಮುಂದೆ ಕೂತವರ ಕೈಗಳನ್ನು ನೆನಪಿಸಿಕೊಳ್ಳಿ. ಬಲಗೈ ಸುರದ ಮೇಲೆ, ಎಡಗೈ ತಿದಿಯ ಮೇಲೆ. ಎಡಗೈಗೆ ಉಸಿರು ಕೊಡುವ ಕೆಲಸವಿದೆ, ಸುರ ಬಾಗಿಸುವ ಅಧಿಕಾರವಿಲ್ಲ. ಮಿನಿಮೋಗ್ ಎದುರು ಕೂತರೂ ಭಂಗಿ ಅದೇ. ಆದರೆ ಇಲ್ಲಿ ಉಸಿರನ್ನು ವಿದ್ಯುತ್ತು ನೋಡಿಕೊಳ್ಳುತ್ತದೆ, ಎಡಗೈಗೆ ಮೀಂಡ್ ಸಿಗುತ್ತದೆ. ಪಾಶ್ಚಾತ್ಯ ವಿಮರ್ಶಕರು ಈ ವಾದ್ಯದ ದೊಡ್ಡ ಕೊರತೆ ಎಂದು ಬರೆದದ್ದು ಒಂದು ಸಲಕ್ಕೆ ಒಂದೇ ಸುರ ನುಡಿಯುತ್ತದೆ ಎಂಬುದನ್ನು. ಸ್ವರಮೇಳ ಕಟ್ಟುವವರಿಗೆ ಅದು ಕೊರತೆ. ಒಂದೇ ದನಿಯ ಹಿಂದೆ ರಾತ್ರಿಯಿಡೀ ಹೋಗುವ ನಮಗೆ ಅದು ಮನೆಯಿದ್ದ ಹಾಗೆ.

ಹಾಗೆಂದು ಅದು ನಮಗಾಗಿಯೇ ಆದ ವಾದ್ಯವೆಂದು ಹೇಳಲಾರೆ. ಮೂಲ ಯಂತ್ರದಲ್ಲಿ ಎರಡು ಕೀ ಒಟ್ಟಿಗೆ ಒತ್ತಿದರೆ ಗೆಲ್ಲುವುದು ಕೆಳಗಿನದು. ನಮ್ಮ ಪೇಟಿಯವರಿಗೆ ಹೆಬ್ಬೆರಳಲ್ಲಿ ಷಡ್ಜ ಒತ್ತಿಹಿಡಿದು ಉಳಿದ ಬೆರಳಲ್ಲಿ ಆಡುವ ರೂಢಿ. ಅವರು ಇಲ್ಲಿ ಹಾಗೆ ಮಾಡಿದರೆ ಷಡ್ಜ ಬಿಟ್ಟು ಬೇರೇನೂ ಕೇಳುವುದಿಲ್ಲ. ಕೈಯ ರೂಢಿ ಬಿಟ್ಟರೆ ಮಾತ್ರ ಮೀಂಡ್.

ಈ ಚಕ್ರದ ಸಾಧ್ಯತೆಯನ್ನು ಜಗತ್ತಿಗೆ ತೋರಿಸಿದವರಲ್ಲಿ ಯಾನ್ ಹ್ಯಾಮರ್ ಮುಖ್ಯ. ಜಾನ್ ಮೆಕ್‌ಲಾಫ್ಲಿನ್ ಅವರ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಅವರು ಮಿನಿಮೋಗ್ ನುಡಿಸಿದ್ದನ್ನು ಕೇಳಿದರೆ ಗಿಟಾರ್ ಯಾವುದು, ಕೀಬೋರ್ಡ್ ಯಾವುದು ಎಂದು ತಡವರಿಸಬೇಕು. ನಮ್ಮ ದಕ್ಷಿಣದಲ್ಲೇ ಚೆನ್ನೈನ ಸತ್ಯನಾರಾಯಣನ್ ಕೀಬೋರ್ಡಿನ ಅದೇ ಉಪಾಯದಿಂದ ಕರ್ನಾಟಕ ಸಂಗೀತದ ಗಮಕ ತೆಗೆಯುತ್ತಾರೆ. ಆದದ್ದರಿಂದ ಸಾಧ್ಯವೇ ಎಂಬ ಪ್ರಶ್ನೆ ಉಳಿದಿಲ್ಲ.

ಇನ್ನು ಹೊಸ ಮಿನಿಮೋಗ್‌ಗಳ ಮಾತು. ಕಂಪನಿ 2016ರಲ್ಲಿ ಮಾಡೆಲ್ ಡಿಯನ್ನು ಹಳೆಯ ಸರ್ಕ್ಯೂಟಿನಲ್ಲೇ ಮತ್ತೆ ತಂದಿತು, 2017ರಲ್ಲಿ ನಿಲ್ಲಿಸಿತು, 2022ರಲ್ಲಿ ಮತ್ತೆ ತಂದಿತು. ಈ ಕೊನೆಯದರ ಬೆಲೆ 2022ರಲ್ಲಿ 4,999 ಡಾಲರ್ ಇತ್ತು, ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಲಕ್ಷ ರೂಪಾಯಿ. ಹಳೆಯ ಶಬ್ದ ಹಾಗೇ ಇದೆ ಎಂದು ಬಲ್ಲವರು ಒಪ್ಪುತ್ತಾರೆ. ಆದರೆ 2022ರ ಯಂತ್ರದಲ್ಲಿ ಒಂದು ಸುಧಾರಣೆಯಿದೆ: ಸುರ ಬಾಗಿಸುವ ಚಕ್ರಕ್ಕೆ ಸ್ಪ್ರಿಂಗ್ ಹಾಕಿದ್ದಾರೆ. ಕೈಬಿಟ್ಟರೆ ಚಕ್ರ ತಾನೇ ನಡುವಿಗೆ ಮರಳುತ್ತದೆ. 1970ರ ಚಕ್ರ ಹಾಗಲ್ಲ, ಬಿಟ್ಟಲ್ಲಿ ನಿಲ್ಲುತ್ತಿತ್ತು. ನಡುವೆ ಒಂದು ಸಣ್ಣ ತಡೆ ಮಾತ್ರ ಬೆರಳಿಗೆ ಸಿಗುತ್ತಿತ್ತು.

ಇದು ನೋಡಲು ಚಿಕ್ಕ ಸಂಗತಿ, ನನಗೆ ಇಡೀ ಮರುಮುದ್ರಣದ ಬಗ್ಗೆ ಇರುವ ತಕರಾರೇ ಇದು. ಸ್ಪ್ರಿಂಗ್ ಇರುವ ಚಕ್ರ ಹೇಳುವುದೇನು? ಸುರಕ್ಕೊಂದು ಸರಿಯಾದ ಜಾಗವಿದೆ, ಬಾಗುವುದು ಅಲಂಕಾರ, ಮುಗಿದ ಮೇಲೆ ಜಾಗಕ್ಕೆ ಬಾ. ಸ್ಪ್ರಿಂಗ್ ಇಲ್ಲದ್ದು ಹಾಗೆ ಹೇಳುವುದಿಲ್ಲ. ದರಬಾರಿಯ ಕೋಮಲ ಗಂಧಾರ ಕೀಬೋರ್ಡಿನ ಗಂಧಾರಕ್ಕಿಂತ ತುಸು ಕೆಳಗೆ, ತೂಗಾಡುತ್ತ ಇರುವಂಥದ್ದು. ಅಲ್ಲಿ ಇಳಿದು ಕೂರಬೇಕು. ಸ್ಪ್ರಿಂಗಿನ ವಿರುದ್ಧ ಹೆಬ್ಬೆರಳು ಒತ್ತಿಕೊಂಡು ಎಷ್ಟು ಹೊತ್ತು ಕೂರಲಾದೀತು? ರಾಕ್, ಜಾಜ್ ನುಡಿಸುವವರಿಗೆ ಸ್ಪ್ರಿಂಗ್ ಅನುಕೂಲವೆಂಬುದು ನಿಜ, ಅವರೇ ಗಿರಾಕಿಗಳು ಎಂಬುದೂ ನಿಜ. ಹಳೆಯದರ ಕಟ್ಟಿಗೆ, ನಾಬ್, ಶಬ್ದ ಎಲ್ಲವನ್ನೂ ಭಕ್ತಿಯಿಂದ ಉಳಿಸಿ, ಹೆಚ್ಚು ಸ್ವತಂತ್ರವಾಗಿದ್ದ ಒಂದನ್ನು ತಿದ್ದಿದ್ದಾರೆ. ಅಗ್ಗದ ದಾರಿ ಹಿಡಿದ ಬೆರಿಂಜರ್ ಕಂಪನಿಯ ನಕಲಿನಲ್ಲಂತೂ ಕೀಬೋರ್ಡೂ ಇಲ್ಲ, ಚಕ್ರವೂ ಇಲ್ಲ, ಪೆಟ್ಟಿಗೆ ಮಾತ್ರ. ನಾನೇನೂ ಮೂಲ ಯಂತ್ರದ ಒಡೆಯನಲ್ಲ. 2020ರ ಮಾರ್ಚಿನಲ್ಲಿ, ಎಲ್ಲರೂ ಮನೆಯೊಳಗೆ ಬಿದ್ದಿದ್ದಾಗ, ಕಂಪನಿ ಇದರ ಐಪ್ಯಾಡ್ ರೂಪವನ್ನು ಕೆಲ ದಿನ ಪುಕ್ಕಟೆ ಕೊಟ್ಟಿತು. ನಾನು ಮಿನಿಮೋಗ್ ಮುಟ್ಟಿದ್ದು ಆಗ, ಗಾಜಿನ ಮೇಲೆ.

ಹಾಗಾದರೆ ಈ ಯಂತ್ರ ನಮ್ಮ ದೇಶಕ್ಕೆ ಬರಲೇ ಇಲ್ಲವೇ? ಬಂದಿತ್ತು, ಅದೂ ಮಿನಿಮೋಗ್ ಹುಟ್ಟುವ ಮೊದಲೇ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್‌ನ ಕಪಾಟು ಗಾತ್ರದ ಸಿಂಥಸೈಜರ್ ಇಟ್ಟು ಸ್ಟುಡಿಯೋ ಕಟ್ಟಿಕೊಟ್ಟರು. ಹಿಂದೆ ನಿಂತವರು ಗೀತಾ ಸಾರಾಭಾಯಿ. ಪಖಾವಾಜ್ ನುಡಿಸುತ್ತಿದ್ದ ಈ ಹೆಣ್ಣುಮಗಳು 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಬದಲಿಗೆ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತವರು. ಅಲ್ಲಿ ತಯಾರಾದ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಮಲಗಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ 'ದಿ ಎನ್‌ಐಡಿ ಟೇಪ್ಸ್' ಎಂಬ ಆಲ್ಬಮ್ ಆಗಿ ಹೊರಬಂದವು.

ಈ ಆಲ್ಬಮ್ಮಿಗೆ ಸಿಕ್ಕ ಹೊಗಳಿಕೆಯಲ್ಲಿ ಹೆಚ್ಚಿನದು ಎಸ್. ಸಿ. ಶರ್ಮಾ ಅವರ 'ಡಾನ್ಸ್ ಮ್ಯೂಸಿಕ್' ತುಣುಕುಗಳಿಗೆ. ಟೆಕ್ನೋ ಹುಟ್ಟುವ ಮೊದಲೇ ಟೆಕ್ನೋ ಎಂಬ ಬೆರಗು. ಈ ಹೊಗಳಿಕೆ ನನಗೆ ಒಗ್ಗುವುದಿಲ್ಲ. ಇನ್ನೊಬ್ಬರು ಮುಂದೆ ಮಾಡಿದ್ದನ್ನು ನಾವು ಮೊದಲೇ ಮಾಡಿದ್ದೆವು ಎನ್ನುವುದರಲ್ಲಿ ನಮ್ಮದೇನು ಬಂತು? ಅದೇ ಆಲ್ಬಮ್ಮಿನ ಐ. ಎಸ್. ಮಾಥುರ್ ಅವರ 'ಒನ್ಸ್ ಐ ಪ್ಲೇಯ್ಡ್ ಎ ತಾನ್‌ಪುರಾ', ಗೀತಾಬೆನ್ನರ ರಚನೆಗಳು ನನ್ನ ಕಿವಿಗೆ ಹೆಚ್ಚು ಬೆಲೆಯವು. ಅಲ್ಲಿ ಮುಂದೋಡುವ ಆತುರಕ್ಕಿಂತ ದನಿಯ ಒಳಗೆ ಇಣುಕುವ ಕುತೂಹಲವಿದೆ. ಮುಗಿಸಿದ ಕೃತಿಗಳು ಅವಲ್ಲ, ಪಾಟಿಯ ಮೇಲೆ ಬರೆದು ನೋಡಿದ ಹಾಗಿವೆ. ಗಾಯಕ ಅತುಲ್ ದೇಸಾಯಿಯಂಥವರೂ ಆ ಯಂತ್ರದ ಮುಂದೆ ಕೂತಿದ್ದರು. ಇನ್ನು ಹತ್ತು ವರ್ಷ ಅವರೆಲ್ಲ ಕೂತಿದ್ದರೆ ಎಂದು ಅನಿಸದೆ ಇರದು. ಆಲ್ಬಮ್ಮಿನ ಹೆಸರಿನಲ್ಲಿರುವ ಕಾಲಾವಧಿ ಮಾತ್ರ 1969ರಿಂದ 1972, ಅಷ್ಟೇ.

ಮುಂದೆ 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ಆಲ್ಬಮ್ ಮಾಡಿದರು. ಅವರ ಯಂತ್ರಗಳು ಜಪಾನಿನ ರೋಲಂಡ್ ಕಂಪನಿಯವು. ಅದರ ಟಿಬಿ-303ಕ್ಕೆ ಸುರದಿಂದ ಸುರಕ್ಕೆ ಜಾರುವ ಗುಣವಿದೆ, ಸಿಂಗ್ ಅದನ್ನು ಚೆನ್ನಾಗಿ ಹಿಡಿದರು. ಕೇಳಲು ಖುಷಿ. ಆದರೆ ಭೈರವದ ರಿಷಭ ಪ್ರತಿ ಸುತ್ತಿನಲ್ಲೂ ಅದೇ ಅಳತೆಯಲ್ಲಿ ಜಾರಿದಾಗ ರಾಗದ ಮುಖ ಗುರುತು ಸಿಗುತ್ತದೆ, ಮಾತು ಕೇಳುವುದಿಲ್ಲ.

ಹಳೆಯ ಮಿನಿಮೋಗ್‌ಗಳ ಇನ್ನೊಂದು ಗುಣಕ್ಕೆ ಸಂಗ್ರಾಹಕರು ಮರುಳಾಗಿದ್ದಾರೆ: ಬಿಸಿ ಏರಿದಂತೆ ಅವುಗಳ ಆಸಿಲೇಟರುಗಳು ಶ್ರುತಿ ಬಿಟ್ಟು ಸರಿಯುತ್ತವೆ. ಮೊದಲು ದೋಷ ಎನಿಸಿಕೊಂಡದ್ದು ಈಗ ಜೀವಂತಿಕೆ ಎನಿಸಿಕೊಂಡಿದೆ. ಮೂರು ಆಸಿಲೇಟರುಗಳು ಒಂದಕ್ಕೊಂದು ಕೂದಲೆಳೆಯಷ್ಟು ತಪ್ಪಿದಾಗ ಶಬ್ದದಲ್ಲಿ ಅಲೆ ಏಳುತ್ತದೆ. ಇದು ನಮಗೆ ಹೊಸದೇ? ಮಿರಜಿನ ತಂಬೂರಿಯ ನಾಲ್ಕು ತಂತಿ, ಅದರಡಿಯ ಜವಾರಿ ದಾರ ಮಾಡುವುದು ಬೇರೇನು? (ನಮ್ಮಲ್ಲಿ ಜವಾರಿ ಅಂದರೆ ನಾಟಿ ಎಂಬರ್ಥವೂ ಇರುವುದು ಎಷ್ಟು ಸೊಗಸು.) ಹಾಡಿನ ನಡುವೆ ತಂಬೂರಿ ತಿರುವಿ ಸರಿಮಾಡುವುದನ್ನು, ತಬಲಾಕ್ಕೆ ಹಾತೋಡಿ ಬಡಿಯುವುದನ್ನು ನಾವು ಎಂದೂ ದೋಷವೆಂದವರಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ತಮ್ಮ ರಾಡೆಲ್ ಸಂಸ್ಥೆಯಿಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿ ತಂದಾಗ ಸಂಗೀತಗಾರರು ಗೊಣಗಿದರೂ ಕೊಂಡರು. ಕೊಳ್ಳಲು ಕಾರಣವಿತ್ತು. ಆ ಎಂಜಿನಿಯರು ಸ್ವತಃ ಸಂಗೀತ ಬಲ್ಲವರು. ಶ್ರುತಿಯನ್ನು ಮನೆಯಿಂದ ಮನೆಗೆ ಜಿಗಿಸದೆ, ಹಾಡುವವರ ಗಂಟಲಿಗೆ ಕೂಡುವವರೆಗೆ ಕೂದಲೆಳೆಯಷ್ಟು ತಿರುಗಿಸುವ ನಾಬ್ ಕೊಟ್ಟರು. ಕನ್ನಡ ನಾಡಿನ ಮೋಗ್ ಯಾರು ಎಂದು ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ.

ನಮ್ಮ ಜಿಲ್ಲೆಗೆ ಮೋಗ್ ಬರಲಿಲ್ಲ, ಚಕ್ರ ಬಂತು. ಮದುವೆ, ಜಾತ್ರೆ, ಗಣಪತಿಯ ಆರ್ಕೆಸ್ಟ್ರಾಗಳಲ್ಲಿ ಕಾಣುವ ಜಪಾನಿ ಕೀಬೋರ್ಡುಗಳಲ್ಲಿ ಹಲವಕ್ಕೆ ಎಡಗಡೆ ಅದೇ ಚಕ್ರ, ಸ್ಪ್ರಿಂಗ್ ಸಮೇತ. ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ. ಒಳಗೆ ಶಹನಾಯಿ, ಕೊಳಲು, ಸಿತಾರ್ ಎಲ್ಲ ಸಿದ್ಧವಾಗಿ ಕೂತಿರುತ್ತವೆ, ಗುಂಡಿ ಒತ್ತಿದರೆ ಸಾಕು. ಪೇಟಿಯ ಬೆರಳಲ್ಲೇ ಶಹನಾಯಿ ನುಡಿಯುತ್ತದೆ, ಪಾವಟಿಗೆ ಹತ್ತುತ್ತಲೇ.

ಭಾಲ್ಕಿಯ ಹತ್ತಿರ ಒಂದು ಮದುವೆಯಲ್ಲಿ ಒಬ್ಬ ಹುಡುಗ ಹಾಗಲ್ಲದೆ ನುಡಿಸುತ್ತಿದ್ದ. ಅಕ್ಕಿಕಾಳು ಬೀಳುವ ಮೊದಲಿನ ಗದ್ದಲದಲ್ಲಿ ಶಹನಾಯಿ ನಿಜಕ್ಕೂ ಜಾರುತ್ತಿತ್ತು, ಜಾರಿದಲ್ಲಿ ನಿಲ್ಲುತ್ತಿತ್ತು. ಊಟದ ಹೊತ್ತಿಗೆ ಹೋಗಿ ನೋಡಿದೆ. ಸೆಕೆಂಡ್‌ಹ್ಯಾಂಡ್ ಕೀಬೋರ್ಡು. ಚಕ್ರದ ಸ್ಪ್ರಿಂಗ್ ಯಾವಾಗಲೋ ಮುರಿದಿದೆ. ಬೀದರಿನಲ್ಲಿ ರಿಪೇರಿಯವರು ಹಾಕಿಕೊಡುತ್ತೇನೆ ಎಂದರೂ ಇವನು ಬೇಡವೆಂದನಂತೆ. "ಈಗ ಬಿಟ್ಟಲ್ಲಿ ನಿಂದರ್ತದ್ರೀ, ಛಲೋ ಆಯ್ತು" ಅಂದ. ನಡುವಿನ ಜಾಗ ತಪ್ಪಬಾರದೆಂದು ಚಕ್ರದ ಅಂಚಿಗೆ ಅಕ್ಕನ ಉಗುರು ಬಣ್ಣದ ಕೆಂಪು ಚುಕ್ಕಿ ಇಟ್ಟಿದ್ದ. ಆ ವಾರ ಇನ್ನೊಂದು ಪಾರ್ಟಿಯವರು ಅದನ್ನು ಒಯ್ದು, ಚುಕ್ಕಿ ನೋಡದೆ ಇಡೀ ರಾತ್ರಿ ಬೇಸುರ ಬಾರಿಸಿ, ಡಬ್ಬಾ ಕೆಟ್ಟದ ಎಂದು ಬೈದು ತಂದುಕೊಟ್ಟಿದ್ದರಂತೆ.