ಸಾರಿಸುವವರು ಯಾರು?

ಪುಸ್ತಕದ ವಿಮರ್ಶೆ ಬರೆಯುವವರಿದ್ದಾರೆ, ಸಿನಿಮಾ ನಾಟಕಗಳ ವಿಮರ್ಶೆ ಬರೆಯುವವರಿದ್ದಾರೆ. ಮನೆಯ ವಿಮರ್ಶೆ ಮಾಡುವ ರೂಢಿ ಮಾತ್ರ ನಮ್ಮಲ್ಲಿಲ್ಲ. ಗೃಹಪ್ರವೇಶಕ್ಕೆ ಹೋದವರು ಹೋಳಿಗೆ ಉಂಡು, "ಭಾಳ ಛಲೋ ಆಗೇದ್ರಿ" ಎಂದು ಹೇಳಿ, ಕುಬುಸದ ಖಣ ಹಿಡಿದುಕೊಂಡು ಬರುವುದೇ ಸಂಪ್ರದಾಯ. ದೋಷಗಳ ಮಾತು ದಾರಿಯಲ್ಲಿ, ಟಂಟಂನಲ್ಲಿ ಕುಳಿತ ಮೇಲೆ ಶುರುವಾಗುತ್ತದೆ. ಆದರೆ ಒಂದು ಮನೆ ತಾನು ಲೋಕಕ್ಕೊಂದು ಮಾದರಿ ಎಂದು ನಿಂತುಕೊಂಡಾಗ, ನೋಡಿ ಬಂದವರು ಎದುರಿನಲ್ಲೇ ಮಾತನಾಡುವುದು ನ್ಯಾಯ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಹೊರಗಿನ ಒಂದು ತೋಟದ ಮನೆಗೆ ನನ್ನನ್ನು ಕರೆದುಕೊಂಡು ಹೋದಳು. ಕಂಪ್ಯೂಟರ್ ನೌಕರಿ ಬಿಟ್ಟು ಬಂದ ಗಂಡ ಹೆಂಡತಿ ಕಟ್ಟಿಕೊಂಡದ್ದು. ಹಳೆಯ ಸಾಮಾನು ಮತ್ತು ಮಣ್ಣು, ಇವೆರಡರಿಂದಲೇ ಕಟ್ಟಿದ್ದೇವೆ ಎಂದು ಇಬ್ಬರೂ ಅಭಿಮಾನದಿಂದ ಹೇಳಿದರು. ಅಭಿಮಾನಪಡುವಂಥದ್ದೇ. ಒಂದು ಕಿಟಕಿಯಂತೆ ಇನ್ನೊಂದು ಕಿಟಕಿ ಇಲ್ಲ. ಕೆಡವಿದ ಯಾವುದೋ ಬಂಗಲೆಯವು ಅವೆಲ್ಲ. ಸ್ನಾನದ ಮನೆಯ ಗೋಡೆಯಲ್ಲಿ ಹಸಿರು, ಕಂದು ಬಾಟಲಿಗಳನ್ನು ಹುಗಿದಿದ್ದಾರೆ. ಬೆಳಗಿನ ಬಿಸಿಲು ಅವುಗಳಲ್ಲಿ ಹಾದು ಬಕೆಟ್ಟಿನ ನೀರಿನ ಮೇಲೆ ಬೀಳುವುದನ್ನು ನೋಡುತ್ತ ನಾನು ಸ್ನಾನಕ್ಕೆ ತಡಮಾಡಿದೆ. ಅಡುಗೆಮನೆಯಲ್ಲಿ ಒಡೆದ ಟೈಲ್ಸ್ ಚೂರುಗಳ ನೆಲ. ತಲೆಯ ಮೇಲೆ ಯಾವುದೋ ಶಾಲೆಯಿಂದ ಇಳಿಸಿದ ಮಂಗಳೂರು ಹಂಚು. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ, ಮಳೆಯ ನೀರು ತೊಟ್ಟಿಗೆ. ಬೆಂಗಳೂರು ನಗರದೊಳಗೂ ಇಂಥದೊಂದು ಮನೆ ಇದೆಯಂತೆ, ಅದರ ಹೆಸರೇ 'ಕಚರಾ ಮನೆ'. ಅಲ್ಲಿನವರಿಗೆ ಆ ಹೆಸರು ಚಮತ್ಕಾರವಾಗಿ ಕೇಳಬಹುದು. ನಮ್ಮ ಕಡೆ ಕಚರಾ ಎಂಬುದು ದಿನಾ ಬೆಳಿಗ್ಗೆ ಕಸಬರಿಗೆ ಹಿಡಿದಾಗ ಬರುವ ಮಾತು.

ಆ ಮನೆಯ ಗೋಡೆಯ ಬಗ್ಗೆ ನಾನು ಕೊಂಕು ಮಾತನಾಡಲಾರೆ. ಮಣ್ಣಿಗೆ ಮರಳು, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದ ಇಟ್ಟಿಗೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮಗಳಿಗೆ ಒಗ್ಗುವ ತಂತ್ರಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಈ ಇಟ್ಟಿಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದರು. ಭಟ್ಟಿಯಲ್ಲಿ ಸುಟ್ಟ ಇಟ್ಟಿಗೆಗೆ ಬೇಕಾಗುವ ಇಂಧನದ ಸುಮಾರು ಕಾಲು ಭಾಗದಲ್ಲಿ ಈ ಇಟ್ಟಿಗೆ ತಯಾರಾಗುತ್ತದೆ ಎಂದು ಅಲ್ಲಿಯವರು 2003ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ತಮ್ಮ ಸ್ವಂತ ಮನೆಯನ್ನೇ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿ ತೋರಿಸಿದರು. ಇಂಥ ಗೋಡೆಗೆ ಗಿಲಾಯಿ ಬೇಡ, ಬಣ್ಣ ಬೇಡ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು, ಪ್ರತಿ ಹಬ್ಬಕ್ಕೂ ಹೆಂಗಸರು ಅದನ್ನು ಬಳಿಯಬೇಕಾಗಿಲ್ಲ.

ಒಂದು ತಕರಾರು ಉಂಟು. ಇದು ಕೆಮ್ಮಣ್ಣಿನ ಸೀಮೆಯ ಪಾಕ. ನಮ್ಮ ಭೀಮಾ ತೀರದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದಕ್ಕೆ ಬರೇ ಸಿಮೆಂಟು ಸೇರಿಸಿದರೆ ಸಾಲದು, ಸುಣ್ಣ ಬೇಕು, ಸಾಕಷ್ಟು ಮರಳು ಬೇಕು, ಇಲ್ಲವೇ ಮಣ್ಣನ್ನೇ ಬೇರೆ ಕಡೆಯಿಂದ ತರಬೇಕು. "ನಿಮ್ಮ ಕಾಲ ಕೆಳಗಿನ ಮಣ್ಣಿನಿಂದಲೇ ಮನೆ ಕಟ್ಟಿಕೊಳ್ಳಿ" ಎಂದು ಆ ಮನೆಯ ಯಜಮಾನರು ನನಗೆ ಉಪದೇಶ ಮಾಡಿದಾಗ, ನಮ್ಮ ಕಾಲ ಕೆಳಗಿನ ಮಣ್ಣು ನಿಂತಲ್ಲಿ ನಿಲ್ಲುವುದಿಲ್ಲ ಸ್ವಾಮಿ ಎಂದೆ. ಅವರಿಗೆ ಅದು ತಮಾಷೆಯಾಗಿ ಕೇಳಿಸಿತು.

ಇನ್ನು ನೆಲ. ಹಜಾರಕ್ಕೆ ಸಗಣಿ ಸಾರಿಸಿದ ನೆಲ. ಬರಿಗಾಲಿಗೆ ಹಿತವಾಗಿತ್ತು. ಬಂದವರೆಲ್ಲ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಫೋಟೋ ತೆಗೆಸಿಕೊಂಡರು. ಮರುದಿನ ಬೆಳಿಗ್ಗೆ ಪಕ್ಕದ ಹಳ್ಳಿಯ ಹೆಂಗಸೊಬ್ಬಳು ಪುಟ್ಟಿಯಲ್ಲಿ ಸಗಣಿ ಹೊತ್ತು ಬಂದು, ಮೊಣಕಾಲೂರಿ ಸಾರಿಸತೊಡಗಿದಳು. ವಾರಕ್ಕೊಮ್ಮೆ ಬರುತ್ತಾಳಂತೆ. ಅವಳ ಪಕ್ಕ ಕುಳಿತು, ನಿಮ್ಮ ಮನೆಯಲ್ಲೂ ಹೀಗೆಯೇ ಏನಮ್ಮ ಎಂದು ಕೇಳಿದೆ. "ಅಯ್ಯೋ ಇಲ್ಲ ಕಣಮ್ಮ, ನಮ್ಮನೇಗೆ ಟೈಲ್ಸ್ ಹಾಕ್ಸಿದೀವಿ. ದಿನಾ ಇಲ್ಲಿ ಅಲ್ಲಿ ಬಗ್ಗಿ ಬಗ್ಗಿ ಸಾರಿಸಕ್ಕಾಗ್ತದಾ?" ಎಂದಳು. ಒಣ ಪಾಯಖಾನೆಯ ಗುಂಡಿಗೆ ಬೂದಿ ಹಾಕುವವಳೂ ಅವಳೇ. ತುಂಬಿದಾಗ ಗೊಬ್ಬರ ತೆಗೆಯಲು ಬೇರೊಬ್ಬ ಬರುತ್ತಾನೆ. ಮನೆ ತೋರಿಸುತ್ತ ಸಿಮೆಂಟು ಎಷ್ಟು ಉಳಿಯಿತು, ವಿದ್ಯುತ್ತು ಎಷ್ಟು ಉಳಿಯಿತು ಎಂದು ಬೆರಳು ಮಡಚಿ ಹೇಳಿದವರು ಈ ಇಬ್ಬರ ಬೆನ್ನು ಮೊಣಕಾಲುಗಳನ್ನು ಯಾವ ಬೆರಳಿನ ಮೇಲೂ ಎಣಿಸಲಿಲ್ಲ. ಆ ಮನೆಯ ದೊಡ್ಡ ಕೊರತೆಯೆಂದು ನಾನು ಬರೆದಿಡುವುದು ಇದನ್ನೇ. ಮೊದಲಿಗೆ ತಲೆಬಾಗಿಲನ್ನು ಕುರಿತು ಬರೆಯಬೇಕು ಎಂದುಕೊಂಡಿದ್ದೆ.

ತಲೆಬಾಗಿಲೂ ಮಾತಿಗೆ ಯೋಗ್ಯವಾದದ್ದೇ. ಗಿಳಿ, ಕಮಲ ಕೆತ್ತಿದ ಸಾಗವಾನಿ ಬಾಗಿಲು, ಹಿತ್ತಾಳೆಯ ಗುಬ್ಬಿಗಳು. ಉತ್ತರ ಕರ್ನಾಟಕದ ಕಡೆಯಿಂದ ಬಂದದ್ದು ಎಂದರು. ಯಾವ ಊರು ಎಂದು ಕೇಳಿದರೆ ವ್ಯಾಪಾರಿಗೆ ಗೊತ್ತು ಎಂದರು. ಮರುಬಳಕೆ ಎಂಬ ಮಾತಿಗೆ ಎರಡು ಮುಖ. ಬೀಳುವ ಮನೆಯಿಂದ ಬಾಗಿಲು ಉಳಿಸುವುದು ಒಂದು. ಬಾಗಿಲಿಗೆ ಬೆಲೆ ಬಂದಿದೆ ಎಂದು ನಿಂತ ಮನೆಯನ್ನು ಬೀಳಿಸುವುದು ಇನ್ನೊಂದು. ಅಬ್ಬೆತುಮಕೂರಿನ ನನ್ನ ತವರುಮನೆಗೂ ಇಂಥ ವ್ಯಾಪಾರಿ ಎರಡು ಸಲ ಬಂದು ಕಂಬ, ಬೋದಿಗೆಗಳನ್ನು ಮುಟ್ಟಿ ನೋಡಿ ಹೋಗಿದ್ದಾನೆ. ಮಳೆಗಾಲದೊಳಗೆ ಆ ಮನೆಯ ಬಗ್ಗೆ ತೀರ್ಮಾನವಾಗಬೇಕು. ನನ್ನ ಪಾಲಿನ ಸಹಿ ಬೇಕೆಂದು ತಮ್ಮ ಹೇಳಿ ಕಳಿಸಿದ್ದಾನೆ.

ಆ ಮನೆಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಲ್ಲ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ನಡುವೆ ಮಣ್ಣಿನ ಗಾರೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಸಣ್ಣ ಕಟ್ಟಿಗೆ, ಬೇವಿನ ತಪ್ಪಲು, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳುಮಣ್ಣು. ಸವಳುಮಣ್ಣಿನಲ್ಲಿ ಬೆಳೆ ಬಾರದು, ಆದರೆ ನೀರು ಬಿದ್ದರೆ ಅದು ಮೆತ್ತಗಾಗಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹೊಲಕ್ಕೆ ಬಾರದ್ದನ್ನು ಮಾಳಿಗೆಗೆ ಏರಿಸಿದವರ ಜಾಣತನಕ್ಕೆ ಯಾವ ಕಾಲೇಜೂ ಪದವಿ ಕೊಡಲಿಲ್ಲ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲಿದ್ದರೂ ಪಡಸಾಲೆಯಲ್ಲಿ ನಿದ್ದೆ ಬರುತ್ತದೆ. ಮರುಬಳಕೆಯೂ ಅಲ್ಲಿ ಹೊಸದಲ್ಲ. ನಡುಮನೆಯ ದೊಡ್ಡ ತೊಲೆಯಲ್ಲಿ ಯಾವುದಕ್ಕೂ ಹೊಂದದ ಮೂರು ತೂತುಗಳಿವೆ. ಅದು ಅದಕ್ಕೂ ಹಿಂದಿನ ಮನೆಯ ತೊಲೆ. ಯಾರೂ ಅದನ್ನು ತೋರಿಸಿ ಹೆಮ್ಮೆಪಟ್ಟದ್ದಿಲ್ಲ. ತೊಲೆ ಗಟ್ಟಿಯಿತ್ತು, ಏರಿಸಿದರು, ಅಷ್ಟೇ.

ಆದರೆ ತಂಪಿನ ಬೆಲೆಯನ್ನು ಕೊಟ್ಟವರು ಯಾರು? ಪ್ರತಿ ವರ್ಷ ಮಳೆಗೆ ಮುಂಚೆ ಸವಳುಮಣ್ಣು ಹೊತ್ತದ್ದು ನನ್ನ ಅವ್ವ, ಈಗ ತಮ್ಮನ ಹೆಂಡತಿ. ಜಂತಿಯಿಂದ ಉದುರುವ ಮಣ್ಣು ಅನ್ನದಲ್ಲಿ ಬೀಳದಂತೆ ಕಾಯುವವರೂ ಅವರೇ. ಚೇಳು ಬಿದ್ದರೆ ಕೂಸನ್ನು ಎತ್ತಿಕೊಂಡು ಓಡುವವರೂ ಅವರೇ. ಮುರಿದ ಜಂತಿ ಬದಲಿಸಲು ಗಂಡಸರು ಏರುತ್ತಾರೆ ನಿಜ, ಅದು ಹತ್ತು ವರ್ಷಕ್ಕೊಮ್ಮೆ.

ಭಾರದ ಲೆಕ್ಕವನ್ನು ನಾನು ಎಂಟನೆಯ ತರಗತಿಯ ಹುಡುಗಿಯರಿಂದ ಹಲಗೆಯ ಮೇಲೆ ಮಾಡಿಸಿದೆ. ಒಂದಡಿ ದಪ್ಪದ ಮಣ್ಣೆಂದರೆ ಒಂದು ಚದರ ಮೀಟರಿಗೆ ಸುಮಾರು ಐದು ಕ್ವಿಂಟಲ್. ಐದು ಚೀಲ ಜೋಳ ತಲೆಯ ಮೇಲೆ ಇಟ್ಟುಕೊಂಡು ಮಲಗಿದ ಹಾಗೆ. ನೆನೆದರೆ ಇನ್ನೂ ಹೆಚ್ಚು. ಐದು ಇಂಚಿನ ಆರ್‌ಸಿಸಿ ಚಪ್ಪರ ಮೂರು ಕ್ವಿಂಟಲ್ ಚಿಲ್ಲರೆ. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಯಲ್ಲಿ ಮಣ್ಣಿನ ಮನೆಗಳು ರಾಶಿ ರಾಶಿಯಾಗಿ ಕುಸಿದದ್ದು ಯಾಕೆಂದು ಹುಡುಗಿಯರಿಗೆ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ. ಒಬ್ಬಳು ಮಾತ್ರ, "ಮತ್ತ ಸ್ಲ್ಯಾಬಿನ ಮನಿಯಾಗ ರಾತ್ರಿ ಬೆಂಕಿ ಬಿದ್ದಂಗ ಆಗ್ತದಲ್ರಿ ಮೇಡಂ" ಎಂದಳು. ಅದೂ ಸುಳ್ಳಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ಸಿಮೆಂಟು ರಾತ್ರಿ ಮಲಗಿದವರ ಮೇಲೆ ಬಿಡುತ್ತದೆ.

ಬೆಂಗಳೂರಿನಿಂದ ಬಂದ ಮೇಲೆ ಊರಿಗೆ ಹೋಗಿ ಬಾಟಲಿಯ ಗೋಡೆ, ಸಗಣಿಯ ನೆಲ ಎಲ್ಲವನ್ನೂ ತಮ್ಮನ ಹೆಂಡತಿಗೆ ವರ್ಣಿಸಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು. ಆಮೇಲೆ, "ಅಕ್ಕಾರ, ನೀವು ಜಾತ್ರಿಗಿ ಬರ್ತೀರಿ, ಎರಡ ದಿನ ತಂಪ ಅದ ಅಂತ ಮಲಗಿ ಹೋಗ್ತೀರಿ. ಮಳಿ ಬಂದಾಗ ಸರವೊತ್ತಿನ್ಯಾಗ ಎದ್ದು ಬೋಗುಣಿ ಇಡಾಕಿ ನಾನು. ಹೆಂಡಿ ನೆಲ ಚಂದ ಅಂದವ್ರು ಒಂದ ವರ್ಷ ಬಂದು ಸಾರಿಸ್ಲಿ" ಎಂದಳು. ನಾನು ಓದಿದ ಯಾವ ಲೇಖನದಲ್ಲೂ ಮಣ್ಣಿನ ಮನೆಯ ಬಗ್ಗೆ ಇಷ್ಟು ಚೊಕ್ಕ ವಿಮರ್ಶೆ ಇರಲಿಲ್ಲ. ಅವಳಿಗೆ ಹಳೆಯದರ ಮೇಲೆ ದ್ವೇಷವಿಲ್ಲ. ಕಂಬ ಮಾರುವ ಮಾತೆತ್ತಿದರೆ ತಮ್ಮನಿಗಿಂತ ಮೊದಲು ಬೇಡ ಎನ್ನುವವಳು ಅವಳೇ.

ಹಾಗಾಗಿ ಕೂತು ಮಾತಾಡಿದೆವು. ಗೋಡೆಯನ್ನು ಇಂಜಿನಿಯರರಿಗೆ ತೋರಿಸಬೇಕು. ಗಟ್ಟಿ ಎಂದರೆ ಕಲ್ಲು ಕದಲಿಸಬಾರದು, ಮಣ್ಣಿನ ಮಾಳಿಗೆ ಮಾತ್ರ ಇಳಿಸಬೇಕು. ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ಹಾಗೆ ಕಾಂಕ್ರೀಟಿನ ನಡುನಡುವೆ ಹಳೆಯ ಹಂಚು ಕೂಡಿಸಿ ಚಪ್ಪರ ಹಾಕಿದರೆ ಸಿಮೆಂಟೂ ಕಮ್ಮಿ, ಸೆಕೆಯೂ ಒಂದಿಷ್ಟು ಕಮ್ಮಿ. ಗೌಂಡಿಗೆ ಆ ಕೆಲಸ ಬರುವುದಿಲ್ಲ, ಕಲಿಸುವವರನ್ನು ಹುಡುಕಬೇಕು. ಇಳಿಸಿದ ಮಣ್ಣು ಹಿತ್ತಲಿಗೆ. ನೆಲಕ್ಕೆ ಶಹಾಬಾದ್ ಫರಸಿ, ಒರೆಸಿದರೆ ಆಯಿತು. ತೂತಿನ ತೊಲೆ ಪಡಸಾಲೆಯಲ್ಲಿ ಕೂರುವ ಹಲಗೆಯಾಗಲಿ ಎಂದ ತಮ್ಮ. ಸಹಿ ಹಾಕುವ ಕಾಗದದಲ್ಲಿ ಕಂಬ, ಬಾಗಿಲು ಮಾರಕೂಡದು ಎಂದು ಬರೆಸಿದ್ದೇನೆ. ಅಡುಗೆಮನೆಯ ಕಿಟಕಿ ಎಲ್ಲಿರಬೇಕೆಂದು ಕೇಳಿದಾಗ ಅವಳು ಒಲೆಯಿಂದ ಒಂದು ಇದ್ದಲಿ ತೆಗೆದುಕೊಂಡು, ಪೂರ್ವದ ಗೋಡೆಯ ಮೇಲೆ ತನ್ನ ಎದೆಯೆತ್ತರಕ್ಕೆ ಒಂದು ಚೌಕ ಬರೆದು, ಅದರ ಕೆಳಗೆ ನಳಕ್ಕೆಂದು ಒಂದು ಗುಂಡು ಸುತ್ತು ಹಾಕಿದಳು.